ಕಟ್ಟೆಯ ಚದುರಂಗ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೊಡಿ ಎಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ವಿಷಯವನ್ನೂ ಅವರೇ ಸೂಚಿಸಿದ್ದರು: ‘ಕಂಪ್ಯೂಟರ್ ಯುಗ ಮತ್ತು ಗ್ರಾಮೀಣ ವಿದ್ಯಾರ್ಥಿ’. ಆಗಲಿ ಸಾರ್ ಎಂದೆ. ಎರಡು ಭಾನುವಾರ ಕೂತು ಎರಡು ಪುಟ ಬರೆದು ಹರಿದು ಹಾಕಿದೆ. ಆ ವಿಷಯ ಬರೆಯಬಲ್ಲವರು ನಮ್ಮ ಶಾಲೆಯಲ್ಲಿ ಓದಿದವರಲ್ಲೇ ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮೂರ ಬಸ್ ನಿಲ್ದಾಣದ ಪಕ್ಕ, ಸೈಕಲ್ ಶಾಪಿನ ಮುಂದಿನ ಕಟ್ಟೆಯ ಮೇಲೆ ದಿನಾ ಸಂಜೆ ನಡೆಯುತ್ತಿದ್ದ ಚದುರಂಗದ ಬಗ್ಗೆ ನಾನು ಬರೆಯದಿದ್ದರೆ ಬೇರೆ ಯಾರೂ ಬರೆಯಲಿಕ್ಕಿಲ್ಲ. ಅಲ್ಲಿ ಆಡುತ್ತಿದ್ದವರಲ್ಲಿ ಹೆಚ್ಚಿನವರು ಈಗ ಇಲ್ಲ. ಅವರು ಆಡುತ್ತಿದ್ದ ಆಟವೂ ಈಗ ಇಲ್ಲ. ‘ಆಟವೂ ಇಲ್ಲ’ ಎಂದದ್ದು ಮಾತಿಗೆ ಅಂದದ್ದಲ್ಲ, ನಿಜವಾಗಿಯೂ ಇಲ್ಲ. ಅದೇನೆಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ ಇರುವುದರಿಂದ ಊರಿನ ಗಂಡಸರಲ್ಲಿ ಅರ್ಧ ಜನ ಬೆಳಿಗ್ಗೆ ಪೂರ್ವದ ಬಸ್ ಹತ್ತುತ್ತಿದ್ದರು, ಉಳಿದರ್ಧ ಜನ ಪಶ್ಚಿಮದ್ದು. ಪೂರ್ವಕ್ಕೆ ಹೋದವರು ದಾವಣಗೆರೆಯ ಬಟ್ಟೆ ಮಿಲ್ಲುಗಳಿಗೆ, ಪಶ್ಚಿಮಕ್ಕೆ ಹೋದವರು ಹರಿಹರದ ಕಾರ್ಖಾನೆ, ವರ್ಕ್‌ಶಾಪುಗಳಿಗೆ. ಸಂಜೆ ಎರಡೂ ಕಡೆಯವರು ಇಳಿಯುವ ಜಾಗ ಒಂದೇ, ಆ ಕಟ್ಟೆ. ಅಲ್ಲಿ ಸೇರುತ್ತಿದ್ದವರು ಏಳೆಂಟು ಜನ. ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ ಅಜ್ಜ ಒಬ್ಬರು, ಹರಿಹರದಲ್ಲಿ ಟರ್ನರ್ ಆಗಿದ್ದವರೊಬ್ಬರು, ಒಬ್ಬ ಟೇಲರ್, ರೈಲ್ವೆಯ ಗ್ಯಾಂಗ್‌ಮನ್ ಒಬ್ಬರು, ಸೈಕಲ್ ಶಾಪಿನ ಕಾಕಾ, ಜೊತೆಗೆ ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಬೋರ್ಡಿಲ್ಲ, ರಿಜಿಸ್ಟರ್ ಇಲ್ಲ, ಅಧ್ಯಕ್ಷರಿಲ್ಲ. ಆದರೂ ಎಲ್ಲರೂ ಅದನ್ನು ‘ಕ್ಲಬ್ಬು’ ಎನ್ನುತ್ತಿದ್ದರು, ಅರ್ಧ ತಮಾಷೆಗೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ‘ಕ್ಲಬ್ಬಿಗೆ ಹೋಗಿದ್ದೆ’ ಎಂದು ಮನೆಯಲ್ಲಿ ಹೇಳಿ, ಅದು ಇಸ್ಪೀಟಿನ ಕ್ಲಬ್ಬೆಂದು ತಿಳಿದ ಅವ್ವನಿಂದ ಪೊರಕೆಯ ಏಟು ತಿಂದದ್ದೂ ಇದೆ.

ಕ್ಲಬ್ಬಿನ ಆಸ್ತಿ ಎಂದರೆ ಒಂದು ಹಲಗೆ, ಒಂದು ತಗಡಿನ ಡಬ್ಬಿ. ಹಲಗೆ ನಮ್ಮ ಶಾಲೆಯದು. ಒಡೆದುಹೋದ ಕರಿಹಲಗೆಯ ತುಂಡಿಗೆ ಗಣಿತದ ಮೇಷ್ಟ್ರು ಬಿಳಿ ಬಣ್ಣದಲ್ಲಿ 64 ಮನೆ ಬರೆಸಿದ್ದರು. ಡಬ್ಬಿಯೊಳಗಿನ ಕಾಯಿಗಳನ್ನು ಟರ್ನರ್ ಮಾವ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ, ಊಟದ ಬಿಡುವಿನಲ್ಲಿ, ಮರದ ತುಂಡುಗಳನ್ನು ಲೇತಿಗೆ ಕೊಟ್ಟು ಮಾಡಿದ್ದರು. ಚದುರಂಗದ ಕಾಯಿಗಳಲ್ಲಿ ಒಂದು ವಿಶೇಷವಿದೆ, ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ರಾಜ, ಮಂತ್ರಿ, ಆನೆ, ಒಂಟೆ, ಸಿಪಾಯಿ ಎಲ್ಲವೂ ಸುತ್ತಲೂ ಒಂದೇ ಸಮ, ಹಾಗಾಗಿ ತಿರುಗುವ ಲೇತಿನಲ್ಲಿ ಬರುತ್ತವೆ. ಕುದುರೆ ಮಾತ್ರ ಬರುವುದಿಲ್ಲ, ಅದಕ್ಕೆ ಮುಖ ಬೇಕು, ಕೈಯಿಂದಲೇ ಕೆತ್ತಬೇಕು. ಈಗಲೂ ಒಳ್ಳೆಯ ಚೆಸ್ ಸೆಟ್ಟಿನ ಬೆಲೆ ನಿಂತಿರುವುದು ಕುದುರೆಯ ಕೆತ್ತನೆಯ ಮೇಲೆ. ಟರ್ನರ್ ಮಾವನಿಗೆ ಕೆತ್ತನೆ ಬರುತ್ತಿರಲಿಲ್ಲ. ಒಂದು ಉದ್ದನೆಯ ಸಿಪಾಯಿಯನ್ನು ತಿರುಗಿಸಿ, ತಲೆಯ ಮೇಲೆ ಗರಗಸದಿಂದ ಓರೆಯಾಗಿ ಒಂದು ಕಚ್ಚು ಹಾಕಿದ್ದರು. ಅದೇ ಕುದುರೆ. ಹೊಸಬರು ‘ಇದೇನು, ಮುರಿದ ಸಿಪಾಯಿನಾ?’ ಎಂದು ಕೇಳುತ್ತಿದ್ದರು.

ಹರಿಹರಕ್ಕೂ ಲೇತಿಗೂ ನಂಟು ಹಳೆಯದು. ಮೈಸೂರು ಕಿರ್ಲೋಸ್ಕರ್ ಕಂಪನಿ ಅಲ್ಲಿ 1941ರಲ್ಲಿ ಶುರುವಾಗಿ ಲೇತುಗಳನ್ನೇ ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಅದಕ್ಕೂ ಏಳುನೂರು ವರ್ಷ ಹಿಂದೆ, 1224ರ ಸುಮಾರಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಮಂಟಪದಲ್ಲೂ ತಿರುಗಣೆಯಲ್ಲಿ ಕಡೆದಂಥ ದುಂಡು ಕಂಬಗಳೇ ಇವೆ. ಟರ್ನರ್ ಮಾವ ಭಾನುವಾರ ನಮ್ಮನ್ನು ಕರೆದುಕೊಂಡು ಹೋಗಿ ಆ ಕಂಬ ಮುಟ್ಟಿಸಿ, ‘ನೋಡಲೇ ತಮಾ, ಎಷ್ಟು ನೈಸ್ ಫಿನಿಶಿಂಗು’ ಎನ್ನುತ್ತಿದ್ದರು. ದೇವರಿಗೆ ಕೈ ಮುಗಿದದ್ದಕ್ಕಿಂತ ಕಂಬಕ್ಕೆ ಕೈ ಸವರಿದ್ದೇ ಹೆಚ್ಚು.

ಆ ಭಾನುವಾರಗಳಲ್ಲಿ ಕ್ಲಬ್ಬಿನವರು ಹಲಗೆ, ಡಬ್ಬಿ ಸಮೇತ ಬಸ್ ಹತ್ತಿ ಹರಿಹರಕ್ಕೆ ಹೋಗುತ್ತಿದ್ದರು. ಅಲ್ಲಿಯ ನಾಲ್ಕಾರು ಆಟಗಾರರು, ದಾವಣಗೆರೆಯಿಂದ ಬಂದ ಇಬ್ಬರು ಮೂವರು, ಹೊಳೆಯ ಕಡೆ ಒಂದು ಹೋಟೆಲಿನ ಹಿಂದುಗಡೆ ಸೇರಿದರೆ ಮಧ್ಯಾಹ್ನದವರೆಗೂ ಆಟ. ಸೋತವರು ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಗಡಿಯಾರ ಇಟ್ಟುಕೊಂಡು ಆಡುವ ಪದ್ಧತಿ ಇರಲಿಲ್ಲ. ಆದರೆ ಮಿಲ್ಲಿನ ಪಾಳಿ ಬದಲಾಗುವ ಹೊತ್ತಿಗೆ ಆಟ ನಿಲ್ಲಲೇಬೇಕಾಗಿದ್ದ ಕಾಲದಿಂದ ಒಂದು ರೂಢಿ ಉಳಿದಿತ್ತು. ಮುಗಿಯದ ಆಟವನ್ನು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಳ್ಳುವುದು. ಯಾವ ಕಾಯಿ ಯಾವ ಮನೆಯಲ್ಲಿ, ಯಾರ ಸರದಿ. ದೊಡ್ಡ ಪಂದ್ಯಗಳಲ್ಲಿ ಆಟ ನಿಲ್ಲಿಸುವಾಗ ಮುಂದಿನ ನಡೆಯನ್ನು ಲಕೋಟೆಯಲ್ಲಿ ಬರೆದಿಟ್ಟು ಮುದ್ರೆ ಹಾಕುವ ಕ್ರಮವಿತ್ತು ಎಂದು ಓದಿದಾಗ ನನಗೆ ನೆನಪಾದದ್ದು ಆ ಬೀಡಿ ಕಾಗದ.

ನನಗೆ ಆಟ ಕಲಿಸಿದವರು ಮಿಲ್ಲಜ್ಜ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ನಾನೂ ಹಾಗೇ ಬರೆಯುತ್ತೇನೆ. ಅವರು ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿ ವರ್ಷಗಳಾಗಿದ್ದವು, ಮಿಲ್ಲಿನ ಹೆಸರು ಮಾತ್ರ ಅವರಿಗೆ ಅಂಟಿಕೊಂಡಿತ್ತು. ಅವರ ಒಂದು ಚಮತ್ಕಾರ ನೋಡಲು ನಾವು ಹುಡುಗರು ಸುತ್ತ ಕೂರುತ್ತಿದ್ದೆವು. ಖಾಲಿ ಹಲಗೆಯ 64 ಮನೆಗಳಲ್ಲೂ ಒಂದೊಂದು ಮಂಡಕ್ಕಿ ಇಡುವುದು. ಒಂದು ಮೂಲೆಯಲ್ಲಿ ಕುದುರೆ. ಕುದುರೆ ತನ್ನ ನಡೆಯಲ್ಲೇ ಮನೆಯಿಂದ ಮನೆಗೆ ಹಾರಬೇಕು, ಹಾರಿದ ಮನೆಯ ಮಂಡಕ್ಕಿ ಅಜ್ಜನ ಬಾಯಿಗೆ. ಹೋದ ಮನೆಗೆ ಮತ್ತೆ ಹೋಗುವ ಹಾಗಿಲ್ಲ. ಅವರು ಮಾತಾಡುತ್ತಲೇ, ಬೇರೆಯವರ ಆಟಕ್ಕೆ ಸಲಹೆ ಕೊಡುತ್ತಲೇ, 64 ಮಂಡಕ್ಕಿಯನ್ನೂ ತಿಂದು ಮುಗಿಸುತ್ತಿದ್ದರು. ನಾವು ಪ್ರಯತ್ನಿಸಿದರೆ ಐವತ್ತರ ಹೊತ್ತಿಗೆ ಕುದುರೆ ಸಿಕ್ಕಿಬೀಳುತ್ತಿತ್ತು, ಉಳಿದ ಮಂಡಕ್ಕಿ ಗುಬ್ಬಿಗೆ.

ಇನ್ನು ಕಟ್ಟೆಯ ನಿಯಮಗಳು. ಇವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಲೇಖನದ ಉದ್ದೇಶವೇ ಇದು. ನಮ್ಮಲ್ಲಿ ಸಿಪಾಯಿ ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು, ಎರಡು ಮನೆ ಹಾರುವಂತಿಲ್ಲ. ಆಟ ನಿಧಾನವಾಗುತ್ತದೆ ಎಂದು ಶುರುವಿನಲ್ಲಿ ಇಬ್ಬರೂ ಎರಡೆರಡು ಸಿಪಾಯಿಗಳನ್ನು ಒಟ್ಟಿಗೇ ಮುಂದಿಡುತ್ತಿದ್ದರು. ಸಿಪಾಯಿ ಆ ತುದಿ ಮುಟ್ಟಿದರೆ ಅದು ಯಾವ ಸಾಲಿನಲ್ಲಿ ಹೋಗಿ ಮುಟ್ಟಿತೋ ಆ ಸಾಲಿನ ಕಾಯಿ ಆಗುತ್ತದೆ. ಆನೆಯ ಸಾಲಿನಲ್ಲಿ ಮುಟ್ಟಿದರೆ ಆನೆ, ಕುದುರೆಯ ಸಾಲಾದರೆ ಕುದುರೆ, ರಾಜನ ಸಾಲಾದರೆ ಮಂತ್ರಿ. ಎಲ್ಲಿ ಮುಟ್ಟಿದರೂ ಮಂತ್ರಿ ಮಾಡಿಕೊಳ್ಳುವ ಸೌಲಭ್ಯ ಇಲ್ಲ. ರಾಜ ಆನೆಯ ಪಕ್ಕ ಹೋಗಿ ಕೂರುವ ಕ್ಯಾಸ್ಲಿಂಗ್ ಎಂಬುದು ಇಲ್ಲವೇ ಇಲ್ಲ. ಅದರ ಬದಲು ರಾಜನಿಗೆ ಇಡೀ ಆಟದಲ್ಲಿ ಒಂದು ಸಲ, ಇನ್ನೂ ಚೆಕ್ ಬಿದ್ದಿರದಿದ್ದರೆ, ಕುದುರೆಯ ನಡೆ ಉಂಟು. ಇದನ್ನು ‘ರಾಜ ಕುದುರೆ ಏರೋದು’ ಎನ್ನುತ್ತಿದ್ದರು. ಯಾವಾಗ ಏರಬೇಕೆಂಬುದೇ ಆಟದ ಅರ್ಧ ಜಾಣತನ. ಬೇಗ ಏರಿದರೆ ಮುಂದೆ ಕಷ್ಟಕ್ಕೆ ಇಲ್ಲ, ತಡ ಮಾಡಿದರೆ ಎದುರಾಳಿ ಒಂದು ಚೆಕ್ ಕೊಟ್ಟು ಆ ಹಕ್ಕನ್ನೇ ಕಿತ್ತುಕೊಳ್ಳುತ್ತಾನೆ. ಮಿಲ್ಲಜ್ಜ ಬರೀ ಅದಕ್ಕೋಸ್ಕರ ಒಂದು ಸಿಪಾಯಿ ಬಲಿ ಕೊಟ್ಟು ಚೆಕ್ ಕೊಡುತ್ತಿದ್ದರು. ‘ಮೊದ್ಲು ಅವ್ನ ಕುದ್ರೆ ಇಳ್ಸಲೇ’ ಎಂಬುದು ಅವರು ನನಗೆ ಕಲಿಸಿದ ಮೊದಲ ಪಾಠ.

2003ರಲ್ಲಿ, ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ದಾವಣಗೆರೆಯಲ್ಲಿ ಅಂತರಶಾಲಾ ಚೆಸ್ ಪಂದ್ಯವೊಂದಿದೆ ಎಂದು ಗೊತ್ತಾಯಿತು. ಕಟ್ಟೆಯಲ್ಲಿ ಟೇಲರನ್ನೂ ಗ್ಯಾಂಗ್‌ಮನ್ನನ್ನೂ ಸೋಲಿಸಿದ್ದ ನನಗೆ ಭಯವೇನೂ ಇರಲಿಲ್ಲ. ಸೋತರೂ ಪರವಾಗಿಲ್ಲ, ಹೋಗಿ ಬಾ ಎಂದು ಮಿಲ್ಲಜ್ಜ ಬಸ್ಸಿಗೆ ಹತ್ತು ರೂಪಾಯಿ ಕೊಟ್ಟರು. ಎದುರು ಕೂತವನು ಪೇಟೆಯ ಹುಡುಗ, ನನಗಿಂತ ಚಿಕ್ಕವನು. ಮೊದಲ ನಡೆಯಲ್ಲೇ ಸಿಪಾಯಿಯನ್ನು ಎರಡು ಮನೆ ಮುಂದಿಟ್ಟ. ಇದೇನು ಮೋಸ ಎಂದುಕೊಂಡೆ, ಆದರೆ ಅಕ್ಕಪಕ್ಕದ ಎಲ್ಲ ಹಲಗೆಗಳಲ್ಲೂ ಹಾಗೇ ನಡೆಯುತ್ತಿತ್ತು, ಸುಮ್ಮನಾದೆ. ಆಮೇಲಾಮೇಲೆ ನನ್ನ ರಾಜನ ಸುತ್ತ ಅವನ ಕಾಯಿಗಳು ಕೂಡತೊಡಗಿದವು. ಇನ್ನೂ ಚೆಕ್ ಬಿದ್ದಿರಲಿಲ್ಲ. ಇದೇ ಸಮಯ ಎಂದು ನಾನು ರಾಜನನ್ನು ಎತ್ತಿ ಕುದುರೆ ಏರಿಸಿದೆ.

ಹುಡುಗ ನನ್ನ ಮುಖ ನೋಡಿದ. ಆಮೇಲೆ ಕೈ ಎತ್ತಿದ. ತೀರ್ಪುಗಾರರು ಬಂದು, ಇದು ಯಾವ ನಡೆ ಎಂದು ಕೇಳಿದರು. ‘ರಾಜಂಗೆ ಒಂದು ಕುದ್ರೆ ನಡೆ ಐತಲ್ಲ ಸಾರ್’ ಎಂದೆ. ಸುತ್ತ ಇದ್ದವರು ನಕ್ಕರು. ತೀರ್ಪುಗಾರರು ನಗಲಿಲ್ಲ, ಅದನ್ನು ಹೇಳಲೇಬೇಕು. ರಾಜನನ್ನು ಹಿಂದಿನ ಮನೆಗೆ ಇಟ್ಟು, ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಹಾಗಾಗಿ ರಾಜನನ್ನೇ ಸರಿಯಾದ ಒಂದು ಮನೆಗೆ ನಡೆಸು ಎಂದರು. ಇದ್ದದ್ದು ಒಂದೇ ಮನೆ. ಅಲ್ಲಿಗೆ ಹೋದ ಮರುನಡೆಯಲ್ಲೇ ನನ್ನ ಮಂತ್ರಿ ಹೋದ. ಅರ್ಧ ಗಂಟೆಯಲ್ಲಿ ನಾನು ಬಸ್ ನಿಲ್ದಾಣದಲ್ಲಿದ್ದೆ.

ಸಂಜೆ ಕಟ್ಟೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ಕೂರಲೂ ಇಲ್ಲ. ‘ನೀವು ಆಡೋದೆಲ್ಲ ತಪ್ಪು. ಅಂಥ ಆಟ ಜಗತ್ತಿನಾಗೇ ಇಲ್ಲ’ ಎಂದು ಎಲ್ಲರೆದುರೂ ಹೇಳಿದೆ. ಟೇಲರ್ ಏನೋ ಬೈಯಲು ಬಾಯಿ ತೆಗೆದ. ಮಿಲ್ಲಜ್ಜ ಕೈ ಅಡ್ಡ ಹಿಡಿದು, ‘ಹೌದೇನಪ? ಹಂಗಾದ್ರೆ ಸರಿ ಇರೋದು ಹೆಂಗಂತ ನೀನೇ ನಮಗೆ ಹೇಳ್ಕೊಡು’ ಎಂದರು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದರು, ಹಲಗೆಯ ಮೇಲೆ ಕಾಯಿಗಳನ್ನು ಜೋಡಿಸಲೂ ಶುರು ಮಾಡಿದರು. ನಾಳೆ ಹೇಳ್ತೀನಿ ಅಂದೆ. ಮಾರನೇ ದಿನ ಹೋಗಲಿಲ್ಲ. ಆಮೇಲೆ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಕಟ್ಟೆಯ ಮುಂದೆ ಸೈಕಲ್ ತುಳಿದುಕೊಂಡು ಹೋಗುವಾಗ ಅವರು ಕೈ ಎತ್ತುತ್ತಿದ್ದರು, ನಾನೂ ಎತ್ತುತ್ತಿದ್ದೆ, ಅಷ್ಟೇ.

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಒಂದು ಪ್ರೋಗ್ರಾಂ ಬರೆಯಲು ಕೊಟ್ಟರು. ಚೆಸ್ ಹಲಗೆಯ ಎಲ್ಲ ಮನೆಗಳಿಗೂ ಕುದುರೆ ಒಂದೊಂದೇ ಸಲ ಹೋಗಿಬರುವ ದಾರಿ ಹುಡುಕಿ ಎಂದು. ಅಯ್ಯೋ, ಇದು ಮಂಡಕ್ಕಿ ಆಟ! ನಾನು ಬರೆದ ಪ್ರೋಗ್ರಾಂ ರಾತ್ರಿಯಿಡೀ ಓಡಿ ಬೆಳಿಗ್ಗೆಯಾದರೂ ಉತ್ತರ ಕೊಡಲಿಲ್ಲ. ದಾರಿಗಳೇನೋ ಬೇಕಾದಷ್ಟಿವೆ. ಹೊರಟ ಮನೆಗೇ ಒಂದು ಹಾರುವಿಕೆಯಲ್ಲಿ ಮರಳಬಹುದಾದ ದಾರಿಗಳೇ 13 ಲಕ್ಷ ಕೋಟಿಗೂ ಹೆಚ್ಚು. ಆದರೆ ಸಿಕ್ಕಿಬೀಳುವ ದಾರಿಗಳು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ ಹೇಳಿದ ಉಪಾಯ ಸುಲಭದ್ದು: ಮುಂದೆ ಹೋಗಲು ಯಾವ ಮನೆಯಿಂದ ಅತಿ ಕಡಿಮೆ ದಾರಿಗಳಿವೆಯೋ ಆ ಮನೆಗೆ ಮೊದಲು ಹೋಗು. ಅಂದರೆ ಮೂಲೆ, ಅಂಚುಗಳನ್ನು ಮೊದಲು ಮುಗಿಸು. ಹಾಗೆ ಬರೆದರೆ ಕಣ್ಣು ಮಿಟುಕಿಸುವುದರಲ್ಲಿ ಉತ್ತರ. ಮಿಲ್ಲಜ್ಜ ‘ದಂಡೆಗಿರೋ ಮಂಡಕ್ಕಿ ಮೊದ್ಲು ತಿನ್ನು’ ಎನ್ನುತ್ತಿದ್ದದ್ದು ಅದನ್ನೇ.

ಇದರ ಜಾಡು ಹಿಡಿದು ಹೋದಾಗ ಸಿಕ್ಕವರು ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. 1799ರಲ್ಲಿ ಐದು ವರ್ಷದ ಮಗುವಾಗಿ ಮೈಸೂರು ಪಟ್ಟಕ್ಕೆ ಬಂದವರು, 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೂ ಹೆಸರಿಗೆ ಮಾತ್ರ ರಾಜರು. ಆ ವರ್ಷಗಳಲ್ಲಿ ಅವರು ಆಟಗಳ ಮೇಲೆ ಮಾಡಿದ ಕೆಲಸ ದೊಡ್ಡದು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ‘ಕೌತುಕನಿಧಿ’ ಇಡೀ ಆಟಗಳಿಗೇ ಮೀಸಲು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಅವರ ಆಟದ ಪಟಗಳನ್ನು ಚಿತ್ರಿಸಿದ್ದಾರೆ. ಕುದುರೆಯ ನಡಿಗೆಯಲ್ಲಿ ಅವರಿಗೆ ವಿಶೇಷ ಹುಚ್ಚಿತ್ತು. ಕುದುರೆ ಹೋದ ಮನೆಗಳಿಗೆ 1, 2, 3 ಎಂದು 64ರವರೆಗೂ ಅಂಕಿ ಬರೆದರೆ ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿದಾಗ 260 ಬರಬೇಕು, ಅಂಥ ಮಾಯಾಚೌಕದ ನಡಿಗೆಯನ್ನೂ ಅವರು ರಚಿಸಿದ್ದರು. ರಾಜ್ಯ ಕಳೆದುಕೊಂಡ ರಾಜ ಚದುರಂಗದ ಹಲಗೆಯಲ್ಲಿ ರಾಜನನ್ನು ಬಿಟ್ಟು ಕುದುರೆಯ ಹಿಂದೆ ಬಿದ್ದದ್ದು ನನಗೆ ಯಾಕೋ ಬಹಳ ಸಹಜ ಅನ್ನಿಸುತ್ತದೆ. ಇನ್ನೊಂದು ಮಾತು. ಕರ್ಣಗಳ ಮೊತ್ತವೂ 260 ಬರುವಂಥ ನಡಿಗೆ 64 ಮನೆಯ ಹಲಗೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆ ಬಹಳ ಕಾಲ ಉಳಿದಿತ್ತು. ಸುಮಾರು ಎರಡು ತಿಂಗಳು ಕಂಪ್ಯೂಟರ್ ಲೆಕ್ಕ ಓಡಿಸಿ ‘ಸಾಧ್ಯವಿಲ್ಲ’ ಎಂದು ತೋರಿಸಿದ್ದು 2003ರ ಆಗಸ್ಟ್‌ನಲ್ಲಿ, ನಾನು ರಾಜನನ್ನು ಕುದುರೆಯಂತೆ ಹಾರಿಸಿ ನಗೆಗೀಡಾದ ವರ್ಷವೇ.

ಕೆಲಸಕ್ಕೆ ಸೇರಿದ ಮೇಲೆ ಹಳೆಯ ಚೆಸ್ ಪುಸ್ತಕಗಳನ್ನು ಓದುವ ಅಭ್ಯಾಸ ಹತ್ತಿತು. 1913ರಲ್ಲಿ ಎಚ್. ಜೆ. ಆರ್. ಮರ್ರೆ ಎಂಬ ಇಂಗ್ಲಿಷ್ ಮೇಷ್ಟ್ರು ಬರೆದ ಚೆಸ್ ಚರಿತ್ರೆ ಒಂಬೈನೂರು ಪುಟಗಳದು. ಅದರಲ್ಲಿ ಭಾರತದ ಆಟದ ಭಾಗಕ್ಕೆ ಬಂದಾಗ ನನ್ನ ಕೈ ತಡೆಯಿತು. ಸಿಪಾಯಿಗೆ ಒಂದೇ ಮನೆ. ಮುಟ್ಟಿದ ಸಾಲಿನ ಕಾಯಿಯಾಗಿ ಬಡ್ತಿ. ಚೆಕ್ ಬೀಳದ ರಾಜನಿಗೆ ಒಂದೇ ಸಲ ಕುದುರೆ ನಡೆ. ಆಟದ ಶುರುವಿನಲ್ಲಿ ಒಟ್ಟಿಗೇ ಕೆಲವು ನಡೆಗಳು. ಊರಿಂದೂರಿಗೆ ಅಷ್ಟಿಷ್ಟು ಬದಲಾದರೂ ನಮ್ಮ ದೇಶದ ಬಹುಭಾಗದಲ್ಲಿ ಜನ ಹೀಗೇ ಆಡುತ್ತಿದ್ದರು. ಇಂಥ ನಮ್ಮ ಆಟವನ್ನು ಯುರೋಪಿನ ಕ್ರಮಕ್ಕೆ ಹೊಂದಿಸಿ ತಿರುವೆಂಗಡಾಚಾರ್ಯ ಶಾಸ್ತ್ರಿ ಎಂಬವರು ಸಂಸ್ಕೃತದಿಂದ ಇಂಗ್ಲಿಷಿಗೆ ತಂದ ಪುಸ್ತಕ 1814ರಲ್ಲೇ ಮುಂಬಯಿಯಲ್ಲಿ ಅಚ್ಚಾಗಿತ್ತು. ಹೊಂದಿಸಬೇಕಾಗಿತ್ತು ಎಂದ ಮೇಲೆ ಎರಡು ಬೇರೆ ಬೇರೆ ಆಟಗಳಿದ್ದವು ಎಂದೇ ಅರ್ಥ.

ಯಾವುದು ಹಳೆಯದು? ಚದುರಂಗ ಹುಟ್ಟಿದ್ದು ನಮ್ಮಲ್ಲಿ. ಏಳನೇ ಶತಮಾನದ ಬಾಣಭಟ್ಟ ‘ಹರ್ಷಚರಿತ’ದಲ್ಲಿ ಅಷ್ಟಾಪದದ ಹಲಗೆಯನ್ನೂ ಚತುರಂಗವನ್ನೂ ಒಂದೇ ಮಾತಿನಲ್ಲಿ ಹೆಸರಿಸುತ್ತಾನೆ. ಪರ್ಷಿಯಾಕ್ಕೆ ಹೋಗಿ ‘ಶತ್ರಂಜ್’ ಆಯಿತು, ಅಲ್ಲಿಯ ‘ಶಾಹ್ ಮಾತ್’ನಿಂದ ಇಂಗ್ಲಿಷಿನ ಚೆಕ್‌ಮೇಟ್ ಬಂತು. ಅರಬರ ಮೂಲಕ ಯುರೋಪಿಗೆ ಹೋದಾಗಲೂ ಸಿಪಾಯಿ ಒಂದೇ ಮನೆ ನಡೆಯುತ್ತಿತ್ತು, ಮಂತ್ರಿ ಓರೆಯಾಗಿ ಒಂದೇ ಮನೆ. ಮಂತ್ರಿ ರಾಣಿಯಾಗಿ ಈಗಿನ ಬಲ ಪಡೆದದ್ದು ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ. ಇನ್ನು ಆ ರಾಜನ ಹಾರುವಿಕೆ. ಮಧ್ಯಯುಗದ ಯುರೋಪಿನಲ್ಲೂ ರಾಜನಿಗೆ ಆಟದಲ್ಲಿ ಒಂದು ಸಲ ಹಾರುವ ಹಕ್ಕಿತ್ತು. ಕಾಲಕ್ರಮದಲ್ಲಿ ಆ ಹಾರುವಿಕೆಯೇ ಆನೆಯ ಜೊತೆ ಸೇರಿ ಕ್ಯಾಸ್ಲಿಂಗ್ ಆಯಿತು. ಅಂದರೆ ದಾವಣಗೆರೆಯ ಆ ಹಾಲಿನಲ್ಲಿ ಎಲ್ಲರೂ ಮಾಡುತ್ತಿದ್ದ ಕ್ಯಾಸ್ಲಿಂಗ್‌ಗೆ ಅಣ್ಣನಂಥ ನಡೆಯನ್ನು ನಾನು ಮಾಡಿದ್ದೆ. ಆ ದಿನದ ನಿಯಮದ ಪ್ರಕಾರ ಅದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ‘ಅಂಥ ಆಟ ಜಗತ್ತಿನಾಗೇ ಇಲ್ಲ’ ಎಂದು ಮಿಲ್ಲಜ್ಜನಿಗೆ ಹೇಳಿದ್ದೆನಲ್ಲ, ಅದು ತಪ್ಪು.

ನಮ್ಮ ಆಟ ಆಡಿ ಬೆಳೆದವನೊಬ್ಬ ಜಗತ್ತನ್ನೇ ಬೆರಗುಗೊಳಿಸಿದ ಕಥೆಯೂ ಇದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್, ಸರ್ ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನ್ದಾರರ ಆಶ್ರಯದಲ್ಲಿದ್ದವನು. ಕಲಿತದ್ದು ಸಿಪಾಯಿ ಒಂದೇ ಮನೆ ನಡೆಯುವ ಆಟ. ಅಂತಾರಾಷ್ಟ್ರೀಯ ನಿಯಮಗಳನ್ನು ದೊಡ್ಡವನಾದ ಮೇಲೆ ಕಲಿತು, 1929ರಲ್ಲಿ ಇಂಗ್ಲೆಂಡಿಗೆ ಹೋದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆ ಆದ. ಹಿಂದೆ ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾನನ್ನೂ ಸೋಲಿಸಿದ. ಆಮೇಲೆ ಊರಿಗೆ ಮರಳಿ ಹೊಲಮನೆ ನೋಡಿಕೊಂಡ. 1966ರಲ್ಲಿ ತೀರಿಕೊಂಡವನಿಗೆ ವಿಶ್ವ ಚೆಸ್ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

ನಮ್ಮ ಕಡೆಗೂ ಈ ಆಟ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಕೊನೆಯ ಇಪ್ಪತ್ತು ಆಟಗಳಿಗೆ ಮೀಸಲು, ಅವುಗಳಲ್ಲಿ ಚತುರಂಗವೂ ಒಂದು. ಆ ಕಾಲದಲ್ಲಿ ನಮ್ಮ ಸೀಮೆಯನ್ನು ಆಳುತ್ತಿದ್ದವರು ಉಚ್ಚಂಗಿಯ ಪಾಂಡ್ಯರು, ಚಾಲುಕ್ಯರ ಸಾಮಂತರು. ದೊರೆಯ ಆಟ ಸಾಮಂತನ ಕೋಟೆಗೆ, ಕೋಟೆಯಿಂದ ಊರಿಗೆ ಇಳಿದಿರಬಹುದು ಎಂಬುದು ನನ್ನ ಊಹೆ, ಊಹೆಯೆಂದೇ ಓದಿಕೊಳ್ಳಿ. ಕಾಯಿಗಳ ಹೆಸರಿನಲ್ಲೂ ಚರಿತ್ರೆ ಕೂತಿದೆ. ನಮ್ಮ ‘ಒಂಟೆ’ ಇಂಗ್ಲಿಷರಿಗೆ ಪಾದ್ರಿ. ಅರಬರು ಅದನ್ನು ‘ಫೀಲ್’, ಅಂದರೆ ಆನೆ, ಎನ್ನುತ್ತಿದ್ದರು, ಸ್ಪೇನಿನವರು ಇವತ್ತಿಗೂ ‘ಆಲ್ಫಿಲ್’ ಎನ್ನುತ್ತಾರೆ. ಮೂಲೆಗೆ ಸರಿದ ನಮ್ಮ ಆನೆ ಬೇರೆ ಕಡೆ ರಥ, ಮತ್ತೆ ಕೆಲವು ಕಡೆ ದೋಣಿ, ಇನ್ನು ಕೆಲವು ಕಡೆ ಕೋಟೆ.

ಗಣಿತದ ಮೇಷ್ಟ್ರನ್ನು ಮರೆತೇಬಿಟ್ಟೆ. ಆಟದಲ್ಲಿ ಅವರು ಅಂಥ ಗಟ್ಟಿಗರಲ್ಲ, ಆದರೆ ಆ ಹಲಗೆಯಿಂದ ಪಾಠ ತೆಗೆಯುತ್ತಿದ್ದರು. ‘ಇದ್ರಲ್ಲಿ ಎಷ್ಟು ಚೌಕ ಅವೆ?’ ಎಂದು ಕೇಳುವುದು. 64 ಎಂದವನು ಬೆಂಚಿನ ಮೇಲೆ. ಸಣ್ಣ ಚೌಕ, ನಾಲ್ಕರ ಚೌಕ, ಒಂಬತ್ತರ ಚೌಕ ಎಲ್ಲ ಸೇರಿ 204. ಆಟ ಕಂಡುಹಿಡಿದವನು ರಾಜನ ಹತ್ತಿರ ಕೇಳಿದ ಬಹುಮಾನದ ಕಥೆ ಎಲ್ಲರಿಗೂ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಆಮೇಲೆ ನಾಲ್ಕು, ಎಂಟು, ಹೀಗೆ. ಪುಸ್ತಕದಲ್ಲಿ ಗೋಧಿ ಎಂದಿದ್ದರೆ ಮೇಷ್ಟ್ರು ಭತ್ತ ಮಾಡಿದ್ದರು, ಭದ್ರಾ ನಾಲೆಯ ಮಕ್ಕಳಿಗೆ ಗೋಧಿಯ ಲೆಕ್ಕ ಯಾಕೆ ಎಂದು. ಸಾವಿರ ಭತ್ತದ ಕಾಳಿಗೆ 25 ಗ್ರಾಂ ಹಿಡಿದರೆ ಅರ್ಧ ಹಲಗೆ ಮುಗಿಯುವಾಗ 429 ಕೋಟಿ ಕಾಳು, 107 ಟನ್. ಎಕರೆಗೆ 25 ಕ್ವಿಂಟಲ್ ಲೆಕ್ಕದಲ್ಲಿ 43 ಎಕರೆಯ ಫಸಲು. ‘ನಮ್ಮೂರ ಗೌಡ್ರೇ ಕೊಡಬೋದು, ರಾಜ ಯಾಕೆ ಬೇಕು?’ ಎನ್ನುತ್ತಿದ್ದರು. ಇಡೀ ಹಲಗೆಗೆ 1,84,46,74,40,73,70,95,51,615 ಕಾಳು. ಈಗ ಜಗತ್ತೆಲ್ಲ ಸೇರಿ ವರ್ಷಕ್ಕೆ ಬೆಳೆಯುವ ಭತ್ತ ಸುಮಾರು 80 ಕೋಟಿ ಟನ್. ಆ ಸಾಲ ತೀರಿಸಲು ಐನೂರ ಎಪ್ಪತ್ತಕ್ಕೂ ಹೆಚ್ಚು ವರ್ಷ ಬೇಕು. ಈ ಕೊನೆಯ ಲೆಕ್ಕ ಮಾತ್ರ ನನ್ನದು.

ಕ್ಲಬ್ಬು ಒಂದು ದಿನ ಮುಚ್ಚಿದ್ದಲ್ಲ. ಟರ್ನರ್ ಮಾವ ಮಗನ ಜೊತೆ ಬೆಂಗಳೂರು ಸೇರಿದರು. ರಸ್ತೆ ಅಗಲ ಮಾಡುವಾಗ ಸೈಕಲ್ ಶಾಪೂ ಕಟ್ಟೆಯೂ ಹೋದವು. ಮೇಷ್ಟ್ರಿಗೆ ವರ್ಗವಾಯಿತು. ಮಿಲ್ಲಜ್ಜ ಮನೆಯ ಜಗಲಿಯ ಮೇಲೆ ಸ್ವಲ್ಪ ದಿನ ಒಬ್ಬರೇ ಹಲಗೆ ಹಾಕಿಕೊಂಡು ಕೂರುತ್ತಿದ್ದರಂತೆ. ಮರ್ರೆಯ ಪುಸ್ತಕ ಓದಿದ ವರ್ಷ ಯುಗಾದಿಗೆ ಊರಿಗೆ ಬಂದಾಗ, ಅವರ ಮನೆಗೆ ಹೋಗಿ ಆ ಪುಟಗಳನ್ನು ಕನ್ನಡದಲ್ಲಿ ಹೇಳಬೇಕೆಂದು ಜೆರಾಕ್ಸ್ ಮಾಡಿಸಿ ತಂದಿದ್ದೆ. ಅವರು ತೀರಿಕೊಂಡು ಆಗಲೇ ಐದು ತಿಂಗಳಾಗಿತ್ತು. ನನಗೆ ಯಾರೂ ಹೇಳಿರಲಿಲ್ಲ, ಹೇಳುವಷ್ಟು ಸಂಪರ್ಕವನ್ನು ನಾನೂ ಇಟ್ಟುಕೊಂಡಿರಲಿಲ್ಲ.

ಈಗ ಚೆಸ್ಸಿಗೆ ಬಂದಿರುವ ಕಾಲ ಬೇರೆ. ನಮ್ಮ ಶಾಲೆ ಶುರುವಾದಾಗ ಭಾರತದಲ್ಲಿ ಒಬ್ಬ ಗ್ರ್ಯಾಂಡ್‌ಮಾಸ್ಟರೂ ಇರಲಿಲ್ಲ. ಮೊದಲನೆಯವರಾಗಿ ವಿಶ್ವನಾಥನ್ ಆನಂದ್ ಆದದ್ದು 1988ರಲ್ಲಿ. ಈಗ ಸಂಖ್ಯೆ ಎಂಬತ್ತೈದು ದಾಟಿದೆ. 2024ರ ಡಿಸೆಂಬರಿನಲ್ಲಿ ಗುಕೇಶ್ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಪದವಿ ತಂದವರು ಮೈಸೂರಿನ ಎಂ. ಎಸ್. ತೇಜಕುಮಾರ್, 2017ರಲ್ಲಿ. ನಂತರ ನಮ್ಮ ನೆರೆಯ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್. ದಾವಣಗೆರೆಯಲ್ಲಿ ಪಂದ್ಯಗಳು ನಡೆಯುತ್ತವೆ, ಮಕ್ಕಳು ಮೊಬೈಲಿನಲ್ಲೇ ರಷ್ಯಾದವರ ಜೊತೆ ಆಡುತ್ತಾರೆ. ಇದು ಒಳ್ಳೆಯದೇ. ನನ್ನ ಹಾಗೆ ತಬ್ಬಿಬ್ಬಾಗುವ ಸ್ಥಿತಿ ಯಾವ ಹಳ್ಳಿ ಹುಡುಗನಿಗೂ ಇನ್ನು ಬರುವುದಿಲ್ಲ. ನಮ್ಮ ಶಾಲೆಯ ಮಕ್ಕಳು ಮೊದಲು ಕಲಿಯಬೇಕಾದದ್ದು ಅಂತಾರಾಷ್ಟ್ರೀಯ ನಿಯಮಗಳನ್ನೇ, ಅದರಲ್ಲಿ ನನಗೆ ಸಂಶಯವಿಲ್ಲ.

ಹಳೆಯ ಹಲಗೆ, ಡಬ್ಬಿ ಎರಡನ್ನೂ ಮಿಲ್ಲಜ್ಜನ ಮೊಮ್ಮಗಳು ಹೋದ ವರ್ಷ ನನ್ನ ಕೈಗೆ ಕೊಟ್ಟಳು. ಅವಳೂ ನಮ್ಮ ಶಾಲೆಯಲ್ಲೇ ಓದಿದವಳು. ಹಲಗೆಯ ಹಿಂದೆ, ಕರಿಹಲಗೆಯಾಗಿದ್ದ ಕಾಲದ ಯಾವುದೋ ಬೀಜಗಣಿತದ ಅರ್ಧ ಸಾಲು ಈಗಲೂ ಮಸುಕಾಗಿ ಕಾಣುತ್ತದೆ. ಎರಡನ್ನೂ ಶಾಲೆಗೆ ಒಪ್ಪಿಸಿದ್ದೇನೆ, ಜೊತೆಗೆ ಕಟ್ಟೆಯ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ದೇನೆ. ನನಗೆ ನೆನಪಿದ್ದಷ್ಟು ಬರೆದಿದ್ದೇನೆ. ಊರಿನ ಹಿರಿಯರಲ್ಲಿ ಈ ಆಟ ಬಲ್ಲವರಿದ್ದರೆ, ಬರೀ ರಾಜ ಒಬ್ಬನೇ ಉಳಿದಾಗ ಆಟವನ್ನು ಹೇಗೆ ತೀರ್ಮಾನಿಸುತ್ತಿದ್ದರು ಎಂಬುದನ್ನು ದಯವಿಟ್ಟು ಮುಖ್ಯೋಪಾಧ್ಯಾಯರಿಗೆ ತಿಳಿಸಿ. ಕಟ್ಟೆಯಲ್ಲಿ ಆ ಬಗ್ಗೆ ದೊಡ್ಡ ಜಗಳಗಳಾದದ್ದು ನೆನಪಿದೆ, ತೀರ್ಮಾನ ನೆನಪಿಲ್ಲ.

ಡಬ್ಬಿಯಲ್ಲಿ 31 ಕಾಯಿಗಳಿವೆ. ಕಪ್ಪು ಆನೆ ಒಂದು ಇಲ್ಲ. ಯಾರದಾದರೂ ಅಟ್ಟದ ಮೇಲೆ, ಹಳೆಯ ಆಟಿಕೆಗಳ ನಡುವೆ, ಹೆಬ್ಬೆರಳಿನಷ್ಟು ಎತ್ತರದ, ತಲೆ ಚಪ್ಪಟೆಯಾದ ಮರದ ಗುಂಡು ಸಿಕ್ಕರೆ ಅದೇ ಇರಬಹುದು, ಶಾಲೆಗೆ ತಲುಪಿಸಿ. ಸದ್ಯಕ್ಕೆ ಎಂಟನೇ ತರಗತಿಯ ಮಕ್ಕಳು ಆ ಮೂಲೆಯಲ್ಲಿ ಸೀಮೆಸುಣ್ಣದ ತುಂಡಿಗೆ ಶಾಯಿ ಬಳಿದು ಇಟ್ಟುಕೊಂಡಿದ್ದಾರೆ.